ಪಾರ್ಕ್‌ನಲ್ಲಿ ಧೂಮಪಾನ ನಿಷೇಧ: ಬೋರ್ಡ್ ನಿಲ್ಲಿಸುವ ಮೊದಲಿನ ಮತ್ತು ನಂತರದ ಕೆಲಸ

ಪಾರ್ಕ್‌ನಲ್ಲಿ ಧೂಮಪಾನ ನಿಲ್ಲಿಸಬೇಕೆಂದು ತೀರ್ಮಾನವಾದ ಕೂಡಲೇ ಹೆಚ್ಚಿನ ಕಡೆ ಆಗುವ ಮೊದಲ ಕೆಲಸ ಬೋರ್ಡ್ ಬರೆಸುವುದು. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಅದೇ ಬೋರ್ಡಿನ ಬುಡದಲ್ಲಿ ಸಿಗರೇಟ್ ತುಂಡುಗಳು ಬಿದ್ದಿರುತ್ತವೆ. ಬೋರ್ಡಿಗೆ ಮೊದಲು ಆಗಬೇಕಿದ್ದ ಕೆಲಸವೂ ಆಗಿರುವುದಿಲ್ಲ, ನಂತರ ಆಗಬೇಕಿದ್ದದ್ದೂ ಆಗಿರುವುದಿಲ್ಲ. ಪಾರ್ಕ್‌ನಲ್ಲಿ ಸೇದುವವರಲ್ಲಿ ಬಹುಪಾಲು ಜನ ಹಟಮಾರಿಗಳಲ್ಲ. ನಿಯಮ ಎಲ್ಲಿಂದ ಎಲ್ಲಿಯವರೆಗೆ ಎಂದು ಸ್ಪಷ್ಟವಾಗಿದ್ದರೆ, ಕೈಯಲ್ಲಿರುವುದನ್ನು ಆರಿಸಿ ಹಾಕಲು ಜಾಗವಿದ್ದರೆ, ಯಾರಾದರೂ ಮರ್ಯಾದೆಯಿಂದ ಬಂದು ಹೇಳಿದರೆ ಅವರು ಎದ್ದು ಹೊರಗೆ ಹೋಗುತ್ತಾರೆ. ಈ ಮೂರನ್ನು ಒದಗಿಸಿಕೊಟ್ಟರೆ ದಂಡದ ಪುಸ್ತಕ ತೆರೆಯುವ ಸಂದರ್ಭ ಅಪರೂಪವಾಗುತ್ತದೆ. ನಿವಾಸಿಗಳ ಸಂಘವಿರಲಿ, ಪಾರ್ಕ್ ನೋಡಿಕೊಳ್ಳುವ ಸ್ಥಳೀಯ ಆಡಳಿತವಿರಲಿ, ಶುರುವಿನಿಂದ ನಿಯಮ ಬೇರೂರುವ ತನಕ ಸುಮಾರು ಆರು ತಿಂಗಳು ಇಟ್ಟುಕೊಳ್ಳಿ.

ಮೊದಲು ತುಂಡುಗಳನ್ನು ಎಣಿಸಿ

ಪಾರ್ಕ್‌ನ ನಕ್ಷೆಯನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡು 8ರಿಂದ 12 ಭಾಗ ಮಾಡಿ. ಭಾಗಗಳು ಸಮ ಅಳತೆಯವು ಆಗಬೇಕಿಲ್ಲ, ಜನ ಬಳಸುವ ರೀತಿಗೆ ತಕ್ಕಂತೆ ಇರಲಿ: ಪ್ರತಿ ಗೇಟು, ಮಕ್ಕಳ ಆಟದ ಜಾಗ, ಬೆಂಚುಗಳ ಸಾಲು, ಶೌಚಾಲಯದ ಸುತ್ತ, ನಡಿಗೆ ದಾರಿ, ವಾಹನ ನಿಲ್ಲಿಸುವಲ್ಲಿ, ದಟ್ಟ ಮರಗಳ ಕೆಳಗೆ. ಒಂದು ದಿನ ಇಡೀ ಪಾರ್ಕ್‌ನ ತುಂಡುಗಳನ್ನೆಲ್ಲ ಆರಿಸಿ ತೆಗೆಯಿರಿ. ಸರಿಯಾಗಿ 7 ದಿನ ಬಿಟ್ಟು, ಅದೇ ಹೊತ್ತಿಗೆ, ಭಾಗಕ್ಕೊಂದು ಚೀಲ ಹಿಡಿದು ಮತ್ತೆ ಆರಿಸಿ ಎಣಿಸಿ. ಹೀಗೆ ಕನಿಷ್ಠ ಎರಡು ವಾರ. ಬೇಕಾಗುವುದು ಉದ್ದ ಹಿಡಿಯ ಇಕ್ಕಳ, ಕೈಗವಸು, ಮುಚ್ಚಳವಿರುವ ಡಬ್ಬಿ, ಒಂದು ನೋಟ್‌ಬುಕ್. ನೆನೆದ ತುಂಡಿನಿಂದ ನಿಕೋಟಿನ್ ನೀರಿಗೆ ಬಿಡುತ್ತದೆ, ಅದು ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಹಾಗಾಗಿ ಬರಿಗೈ ಬೇಡ, ಮಕ್ಕಳನ್ನು ಈ ಕೆಲಸಕ್ಕೆ ಹಚ್ಚುವುದಂತೂ ಬೇಡವೇ ಬೇಡ.

ಈ ಲೆಕ್ಕ ಕೆಡುವುದು ಎರಡು ಕಾರಣಕ್ಕೆ. ಗುಡಿಸುವವರು ದಿನಾ ಗುಡಿಸಿ ಒಯ್ದರೆ ವಾರದ ಕೊನೆಗೆ ಸಿಗುವ ಸಂಖ್ಯೆಗೆ ಅರ್ಥವೇ ಇರುವುದಿಲ್ಲ. ಅವರಿಗೆ ಮೊದಲೇ ತಿಳಿಸಿ, ತುಂಡುಗಳನ್ನು ಬೇರೆ ಡಬ್ಬಿಗೆ ಹಾಕಿಡಲು ಕೇಳಿಕೊಳ್ಳಿ. ಯಾವ ಮೂಲೆಯಲ್ಲಿ ಹೆಚ್ಚು ಬೀಳುತ್ತವೆ ಎಂಬುದು ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದರಿಂದ ನಕ್ಷೆ ಮಾಡುವಾಗಲೇ ಅವರನ್ನು ಕೂರಿಸಿಕೊಳ್ಳುವುದು ಒಳ್ಳೆಯದು. ಇನ್ನೊಂದು ಮಳೆ. ಜೋರು ಮಳೆ ಬಂದ ವಾರ ತುಂಡುಗಳು ಚರಂಡಿಗೆ ಕೊಚ್ಚಿ ಹೋಗುತ್ತವೆ, ಆ ವಾರವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಜೊತೆಗೆ ಸೇದುವವರನ್ನೂ ನೋಡಿ. ಬೆಳಗ್ಗೆ, ಮಧ್ಯಾಹ್ನದ ಬಿಡುವು, ಸಂಜೆ, ಹೀಗೆ ದಿನಕ್ಕೆ ಮೂರು ಸಲ 15 ನಿಮಿಷ ಕುಳಿತು ಎಲ್ಲಿ ಎಷ್ಟು ಜನ ಸೇದುತ್ತಿದ್ದಾರೆ ಎಂದು ಬರೆದುಕೊಳ್ಳಿ. ಕೆಲಸದ ದಿನ ಒಂದು, ರಜಾದಿನ ಒಂದು ಸಾಕು. ಫೋಟೋ ತೆಗೆಯಬೇಡಿ, ಹೆಸರು ಕೇಳಬೇಡಿ. ಫೋಟೋ ತೆಗೆದ ಕ್ಷಣದಿಂದ ನಿಮ್ಮ ಕೆಲಸ ಬೇಹುಗಾರಿಕೆಯಾಗಿ ಕಾಣಿಸುತ್ತದೆ.

ಏನು ಹೇಳಬೇಕು, ಏನು ಹೇಳಬಾರದು

ನಿಷೇಧಕ್ಕೆ ಮನವಿ ಕೊಡುವಾಗ ಎದುರಾಗುವ ಮೊದಲ ಪ್ರಶ್ನೆ ‘ಬಯಲಲ್ಲಿ ಹೊಗೆ ಹಾರಿಹೋಗುತ್ತದಲ್ಲ?’ ಎಂಬುದು. ಇದಕ್ಕೆ ಪ್ರಾಮಾಣಿಕವಾಗಿ ಉತ್ತರಿಸಿ. ಹೊಗೆ ಹಾರಿಹೋಗುವುದು ನಿಜ, ಆದರೆ ಹತ್ತಿರ ಕುಳಿತವರ ಮೂಗು ದಾಟಿಯೇ ಹೋಗುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಸೇದುವವರಿಂದ ಸುಮಾರು ಅರ್ಧ ಮೀಟರ್ ಒಳಗೆ, ಸಿಗರೇಟ್ ಉರಿಯುತ್ತಿರುವಷ್ಟು ಹೊತ್ತು, ಬಯಲಿನಲ್ಲೂ ಹೊಗೆಯ ಕಣಗಳ ಪ್ರಮಾಣ ಕೋಣೆಯೊಳಗಿನ ಮಟ್ಟಕ್ಕೆ ಏರಬಲ್ಲದು. 2 ಮೀಟರ್ ದಾಟಿದರೆ ಬಹಳ ಇಳಿಯುತ್ತದೆ, ಸಿಗರೇಟ್ ಆರಿದ ಕೂಡಲೇ ಇಲ್ಲವಾಗುತ್ತದೆ. ಅಂದರೆ ಒಂದೇ ಬೆಂಚಿನ ಎರಡು ತುದಿ, ಜೋಕಾಲಿಯ ಪಕ್ಕದ ಕಟ್ಟೆ, ಟಿಕೆಟ್ ಸಾಲು, ಬಯಲು ವೇದಿಕೆಯ ಮುಂದಿನ ಜನಸಂದಣಿ: ತೊಂದರೆ ಇರುವುದು ಇಲ್ಲಿ. ಆಸ್ತಮಾ ಇರುವ ಮಗುವಿಗೆ ಅಷ್ಟು ಹೊತ್ತೇ ಸಾಕು. ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಸಾರ್ವಜನಿಕ ಆರೋಗ್ಯದ ಮುಖ್ಯ ಅಧಿಕಾರಿ) ಅವರ 2006ರ ವರದಿ ಪರರ ಹೊಗೆಗೆ ಅಪಾಯವಿಲ್ಲದ ಮಟ್ಟ ಎಂಬುದಿಲ್ಲ ಎಂದೇ ಹೇಳಿತು. ಹಾಗೆಂದು ಇಡೀ ಪಾರ್ಕ್‌ನ ಗಾಳಿಯೇ ವಿಷವಾಗಿದೆ ಎಂದು ಮನವಿಯಲ್ಲಿ ಬರೆಯಬೇಡಿ. ಒಂದು ಉತ್ಪ್ರೇಕ್ಷೆ ಸಿಕ್ಕಿಬಿದ್ದರೆ ನಿಜವಾದ ಹತ್ತು ಮಾತುಗಳೂ ಅನುಮಾನಕ್ಕೆ ಒಳಗಾಗುತ್ತವೆ.

ನಿಮ್ಮ ಬಲವಾದ ವಾದ ನೆಲದ ಮೇಲೆಯೇ ಬಿದ್ದಿದೆ. ಸಿಗರೇಟಿನ ಫಿಲ್ಟರ್ ಹತ್ತಿಯಂತೆ ಕಂಡರೂ ಅದು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ಅದು ಮಣ್ಣಿನಲ್ಲಿ ಬೇಗ ಕೊಳೆಯುವುದಿಲ್ಲ, ಎಳೆ ಎಳೆಯಾಗಿ ಬಿಡಿಸಿಕೊಂಡು ಉಳಿಯುತ್ತದೆ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಲೀಟರ್ ನೀರಿಗೆ ಸೇದಿ ಬಿಟ್ಟ ತುಂಡು ಒಂದರಂತೆ ನೆನೆಸಿದ ನೀರಿನಲ್ಲಿ ಬಿಟ್ಟ ಮೀನುಗಳಲ್ಲಿ ಸುಮಾರು ಅರ್ಧದಷ್ಟು 96 ಗಂಟೆಯೊಳಗೆ ಸತ್ತವು. ಪಾರ್ಕ್‌ನಲ್ಲಿ ಕೊಳವಿದ್ದರೆ ಈ ಒಂದು ಸಂಗತಿ ಸಭೆಯ ಮನಸ್ಸು ತಿರುಗಿಸಬಲ್ಲದು. ತೆವಳುವ ಮಗು ನೆಲದಲ್ಲಿ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತದೆ, ತುಂಡಿನಲ್ಲಿ ಉಳಿದ ನಿಕೋಟಿನ್ ಅದಕ್ಕೆ ವಿಷ. ಒಣ ಎಲೆಯ ಕಾಲದಲ್ಲಿ ಬೆಂಕಿಯ ಭಯ ಬೇರೆ.

ಕಣ ಅಳೆಯುವ ಚಿಕ್ಕ ಉಪಕರಣ ಸಿಕ್ಕರೆ ಬಳಸಬಹುದು, ಕಡ್ಡಾಯವಲ್ಲ. ಕುಳಿತವರ ಮೂಗಿನ ಎತ್ತರಕ್ಕೆ, ಅಂದರೆ ನೆಲದಿಂದ ಸುಮಾರು 1 ಮೀಟರ್ ಮೇಲೆ ಇಟ್ಟು, ಯಾರೂ ಸೇದದಿರುವಾಗ 10 ನಿಮಿಷ, ಸೇದುತ್ತಿರುವಾಗ 10 ನಿಮಿಷ ಅಳೆದು ವ್ಯತ್ಯಾಸ ತೋರಿಸಿ. ಇಬ್ಬನಿ ಇರುವ ಮುಂಜಾನೆ ಬೇಡ. ತೇವದ ಹನಿಗಳನ್ನೂ ಇಂಥ ಉಪಕರಣ ಕಣವೆಂದೇ ಎಣಿಸಿ ಹೆಚ್ಚು ತೋರಿಸುತ್ತದೆ.

ಗಡಿ: ಇಡೀ ಪಾರ್ಕೋ, ಒಂದು ಭಾಗವೋ

ಇಡೀ ಪಾರ್ಕ್ ಎನ್ನುವುದೇ ನಮ್ಮ ಸಲಹೆ. ‘ಆಟದ ಜಾಗದಿಂದ 10 ಮೀಟರ್ ಒಳಗೆ ನಿಷೇಧ’ ಎಂಬ ನಿಯಮ ಕಾಗದದಲ್ಲಿ ಸೌಮ್ಯವಾಗಿ ಕಾಣುತ್ತದೆ, ಆದರೆ ನೆಲದ ಮೇಲೆ 10 ಮೀಟರನ್ನು ಯಾರೂ ಅಳೆಯುವುದಿಲ್ಲ. ‘ನಾನು ಹೊರಗೇ ಇದ್ದೇನೆ’ ಎಂದು ಸೇದುವವರು, ‘ಇಲ್ಲ, ಒಳಗಿದ್ದೀರಿ’ ಎಂದು ಕಾವಲುಗಾರ. ಜಗಳಕ್ಕೆ ಇಷ್ಟು ಸಾಕು. ಬೇಲಿ ಅಥವಾ ಗೋಡೆ ಎಲ್ಲರಿಗೂ ಕಾಣುವ ಗಡಿ. ಸಿಂಗಾಪುರ 2022ರ ಜುಲೈ 1ರಿಂದ ಎಲ್ಲ ಸಾರ್ವಜನಿಕ ಪಾರ್ಕ್‌ಗಳನ್ನು ಇಡಿಯಾಗಿ ಸೇರಿಸಿತು. ಮೆಕ್ಸಿಕೊ 2023ರ ಜನವರಿಯಲ್ಲಿ, ಫ್ರಾನ್ಸ್ 2025ರ ಜೂನ್ 29ರಿಂದ ದೇಶವ್ಯಾಪಿಯಾಗಿ ಪಾರ್ಕ್ ಮತ್ತು ಕಡಲತೀರಗಳಲ್ಲಿ ನಿಷೇಧ ತಂದವು.

ಬೇಲಿಯೇ ಇಲ್ಲದ, ರಸ್ತೆಗೆ ತೆರೆದುಕೊಂಡ ಪಾರ್ಕ್ ಆದರೆ ಗಡಿಯನ್ನು ನೀವೇ ಕಾಣಿಸಬೇಕು. ಹುಲ್ಲು ಮುಗಿದು ಕಲ್ಲುಹಾಸು ಶುರುವಾಗುವ ಗೆರೆಯನ್ನೇ ಗಡಿಯೆಂದು ನಿಯಮದಲ್ಲಿ ಬರೆಸಿ, ಆ ಗೆರೆಯ ಉದ್ದಕ್ಕೂ ನೆಲದ ಮೇಲೆ ಚಿಹ್ನೆ ಬರೆಸಿ. ಒಳಗೇ ಒಂದು ‘ಧೂಮಪಾನ ವಲಯ’ ಬಿಡಬೇಕೆಂಬ ಒತ್ತಡ ಬಂದರೆ, ಅದು ತೀರಾ ದೊಡ್ಡ ಪಾರ್ಕ್‌ಗೆ ಮಾತ್ರ ಸರಿ. ಗೇಟಿಗೆ ನಡೆದು ಹೋಗಲು ಹತ್ತು ಹದಿನೈದು ನಿಮಿಷ ಹಿಡಿಯುವಲ್ಲಿ ವಲಯವಿಲ್ಲದಿದ್ದರೆ ಜನ ಪೊದೆಯ ಹಿಂದೆ ಸೇದುತ್ತಾರೆ, ಅದು ಬೆಂಕಿಗೆ ಇನ್ನೂ ಕೆಟ್ಟದ್ದು.

ನಿಯಮ ಬರೆಯುವುದು

ಜಾಗ ಯಾರದ್ದು ಎಂದು ದಾಖಲೆ ನೋಡಿ. ಜಾಗ ಒಬ್ಬರದ್ದು, ನಿರ್ವಹಣೆ ಇನ್ನೊಬ್ಬರದ್ದು, ದಂಡ ಹಾಕುವ ಅಧಿಕಾರ ಮೂರನೆಯವರದ್ದು ಆಗಿರುವುದು ಸಾಮಾನ್ಯ. ಅಧಿಕಾರವಿಲ್ಲದವರು ಹೊರಡಿಸಿದ ನಿಯಮ ಮೊದಲ ದೂರಿನಲ್ಲೇ ಬಿದ್ದುಹೋಗುತ್ತದೆ. ಈಗಾಗಲೇ ಜಾರಿಯಲ್ಲಿರುವ ತಂಬಾಕು ಕಾನೂನು ಅಥವಾ ಕಸದ ಕಾನೂನಿನಲ್ಲೇ ಪಾರ್ಕ್ ಸೇರುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಸೇರುತ್ತದೆಂದರೆ ಹೊಸ ನಿಯಮದ ಬದಲು ಅದನ್ನೇ ಅನ್ವಯಿಸುವ ಆದೇಶ ಸಾಕು. ತಂಬಾಕು ನಿಯಂತ್ರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಅಂಗೀಕರಿಸಿದ ಒಪ್ಪಂದದ 8ನೇ ವಿಧಿ ಕಟ್ಟಡದೊಳಗಿನ ಜಾಗಗಳ ಜೊತೆಗೆ ‘ಸೂಕ್ತವಾದಲ್ಲಿ ಇತರ ಸಾರ್ವಜನಿಕ ಸ್ಥಳ’ಗಳನ್ನೂ ಸೇರಿಸುತ್ತದೆ. ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಮನವಿಗೆ ಇದು ಒಳ್ಳೆಯ ಆಧಾರ.

ನಿಯಮದ ಮಾತು ಚಿಕ್ಕದಿರಲಿ, ಸಂದು ಇರದಿರಲಿ. ಹೀಗೆ ಬರೆಯಬಹುದು:

‘ಉದ್ಯಾನದ ಗಡಿಯೊಳಗೆ, ಅದರ ದಾರಿ, ಶೌಚಾಲಯ, ಬಯಲು ವೇದಿಕೆ, ಕೊಳದ ದಂಡೆ ಮತ್ತು ವಾಹನ ನಿಲ್ಲಿಸುವ ಜಾಗವೂ ಸೇರಿದಂತೆ, ಉರಿಯುವ ಯಾವುದೇ ತಂಬಾಕು ಅಥವಾ ತಂಬಾಕಿಲ್ಲದ ಸೇದುವ ವಸ್ತುವನ್ನು ಸೇದುವುದು, ಹೊತ್ತಿಸಿ ಹಿಡಿದಿರುವುದು, ಇ-ಸಿಗರೇಟ್ ಬಳಸುವುದು ಮತ್ತು ಇವುಗಳ ತುಂಡನ್ನು ಎಸೆಯುವುದು ನಿಷಿದ್ಧ. ಈ ನಿಯಮ ಸಂದರ್ಶಕರಿಗೆ, ಸಿಬ್ಬಂದಿಗೆ, ಗುತ್ತಿಗೆದಾರರಿಗೆ ಮತ್ತು ಕಾರ್ಯಕ್ರಮ ನಡೆಸುವವರಿಗೆ ಸಮನಾಗಿ ಅನ್ವಯಿಸುತ್ತದೆ.’

ಇದಕ್ಕೆ ಜಾರಿಯ ದಿನಾಂಕ, ದಂಡದ ಮೊತ್ತ, ದಂಡ ಹಾಕುವ ಅಧಿಕಾರಿಯ ಹುದ್ದೆ, ಮೇಲ್ಮನವಿ ಸಲ್ಲಿಸುವ ಜಾಗ ಸೇರಿಸಿ. ‘ಹೊತ್ತಿಸಿ ಹಿಡಿದಿರುವುದು’ ಎಂಬ ಮಾತನ್ನು ಬಿಡಬೇಡಿ, ಅದಿಲ್ಲದಿದ್ದರೆ ‘ನಾನು ಸೇದುತ್ತಿರಲಿಲ್ಲ, ಕೈಯಲ್ಲಿತ್ತು ಅಷ್ಟೇ’ ಎಂಬ ವಾದ ಬರುತ್ತದೆ. ಇ-ಸಿಗರೇಟ್ ವಿಷಯದಲ್ಲಿ ಫ್ರಾನ್ಸ್‌ನ ನಿಯಮ ಅದನ್ನು ಹೊರಗಿಟ್ಟಿದೆ. ನಾವು ಸೇರಿಸಿ ಎನ್ನುತ್ತೇವೆ: ಅದರ ಆವಿಯಲ್ಲಿ ಸೂಕ್ಷ್ಮ ಕಣಗಳಿರುತ್ತವೆ, ಬಹುಪಾಲು ಇ-ಸಿಗರೇಟುಗಳಲ್ಲಿ ನಿಕೋಟಿನ್ನೂ ಇರುತ್ತದೆ, ಅದಕ್ಕಿಂತ ಮುಖ್ಯವಾಗಿ, ದೂರದಿಂದ ನೋಡುವ ಕಾವಲುಗಾರನಿಗೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ದಂಡ ತೀರಾ ದೊಡ್ಡದಾಗಿರಬಾರದು. ಹೆಚ್ಚು ದಂಡವಿದ್ದರೆ ಜನ ಹೆದರುತ್ತಾರೆ ಎಂದು ತೋರುತ್ತದೆ, ಆದರೆ ಮೊದಲು ಹೆದರುವವರು ದಂಡ ಬರೆಯಬೇಕಾದ ಸಿಬ್ಬಂದಿ. ಬಡವನೊಬ್ಬನಿಗೆ ಒಂದು ಸಿಗರೇಟಿಗಾಗಿ ವಾರದ ಕೂಲಿ ಕಿತ್ತುಕೊಳ್ಳಲು ಅವರಿಗೆ ಮನಸ್ಸು ಬರುವುದಿಲ್ಲ, ಆಮೇಲೆ ಯಾರಿಗೂ ಬರೆಯುವುದಿಲ್ಲ. ನ್ಯೂಯಾರ್ಕ್ ನಗರ 2011ರ ಮೇ 23ರಂದು ತನ್ನ ಪಾರ್ಕ್ ಮತ್ತು ಕಡಲತೀರಗಳಲ್ಲಿ ನಿಷೇಧ ತಂದಾಗ ದಂಡ ಇಟ್ಟಿದ್ದು 50 ಡಾಲರ್. ಜಾರಿಯ ಹೊಣೆಯನ್ನು ಪೊಲೀಸರ ಬದಲು ಪಾರ್ಕ್ ಇಲಾಖೆಗೆ ವಹಿಸಿತು. ಜನ ಒಬ್ಬರಿಗೊಬ್ಬರು ಹೇಳಿಯೇ ನಿಯಮ ನಡೆಯಬೇಕೆಂಬ ಲೆಕ್ಕ ಅದು.

ಬೋರ್ಡ್

ಪ್ರತಿ ಗೇಟಿಗೆ ಒಂದು ದೊಡ್ಡದು, ಒಳಗೆ ನಿಮ್ಮ ಎಣಿಕೆಯಲ್ಲಿ ಹೆಚ್ಚು ತುಂಡು ಸಿಕ್ಕ ಭಾಗಗಳಲ್ಲಿ ಚಿಕ್ಕವು. ಉಳಿದಲ್ಲಿ ಬೇಡ. ಐದು ಹೆಜ್ಜೆಗೊಂದು ಬೋರ್ಡ್ ಇದ್ದರೆ ಯಾರೂ ಯಾವುದನ್ನೂ ಓದುವುದಿಲ್ಲ.

ಚಿಹ್ನೆ ಅಂತರರಾಷ್ಟ್ರೀಯ ಮಾನದಂಡದ್ದೇ ಇರಲಿ: ಬಿಳಿ ಹಿನ್ನೆಲೆ, ಕೆಂಪು ಉಂಗುರ, ಎಡ ಮೇಲಿನಿಂದ ಬಲ ಕೆಳಕ್ಕೆ ಕೆಂಪು ಅಡ್ಡಪಟ್ಟಿ, ಕಪ್ಪು ಸಿಗರೇಟ್. ಕೆಂಪು ಭಾಗ ಚಿಹ್ನೆಯ ಒಟ್ಟು ವಿಸ್ತೀರ್ಣದ 35 ಶೇಕಡಕ್ಕೆ ಕಡಿಮೆ ಇರಬಾರದು. ಅಲಂಕಾರಕ್ಕೆಂದು ಹಸಿರು ಬಣ್ಣದಲ್ಲಿ ಮಾಡಿಸಿದರೆ ದೂರದಿಂದ ಅದು ‘ಇಲ್ಲಿ ಸೇದಬಹುದು’ ಎಂದು ಓದಿಸಿಕೊಳ್ಳುವ ಅಪಾಯವಿದೆ.

ಅಕ್ಷರದ ಗಾತ್ರಕ್ಕೆ ಸುಲಭ ಲೆಕ್ಕ: ಆರಾಮವಾಗಿ ಓದಲು ಪ್ರತಿ 3 ಮೀಟರ್ ದೂರಕ್ಕೆ 25 ಮಿಲಿಮೀಟರ್ ಎತ್ತರ. ಗೇಟಿನ ಬೋರ್ಡ್ 6 ಮೀಟರ್‌ನಿಂದ ಓದಿಸಬೇಕಾದರೆ 50 ಮಿಲಿಮೀಟರ್. ಕನ್ನಡದಲ್ಲಿ ಬರೆಸುವಾಗ ಈ ಎತ್ತರವನ್ನು ಒತ್ತು, ದೀರ್ಘ ಬಿಟ್ಟು ಮೂಲ ಅಕ್ಷರಕ್ಕೆ ಹಿಡಿಯಿರಿ, ಇಲ್ಲದಿದ್ದರೆ ಬೋರ್ಡ್ ಬರೆಯುವವರು ಒತ್ತಕ್ಷರ ಸೇರಿಸಿ 50 ಅಳೆದು ಅಕ್ಷರವನ್ನು ಚಿಕ್ಕದು ಮಾಡಿಬಿಡುತ್ತಾರೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಷ್ಟು ಅಂತರವೂ ಬೇಕು. ಮಾತು ಎರಡೇ ಸಾಲು: ‘ಈ ಉದ್ಯಾನದಲ್ಲಿ ಧೂಮಪಾನ ನಿಷೇಧ. ತುಂಡು ಹಾಕುವ ಡಬ್ಬಿ ಗೇಟಿನ ಹೊರಗೆ ಎಡಕ್ಕೆ.’ ಕೆಳಗೆ ಚಿಕ್ಕ ಅಕ್ಷರದಲ್ಲಿ ನಿಯಮದ ಸಂಖ್ಯೆ, ದಂಡದ ಮೊತ್ತ, ದೂರಿನ ದೂರವಾಣಿ.

ಬೋರ್ಡಿನ ಕೆಳ ಅಂಚು ನೆಲದಿಂದ ಸುಮಾರು 1.5 ಮೀಟರ್ ಇದ್ದರೆ ನಡೆದು ಬರುವವರ ಕಣ್ಣಿಗೆ ಬೀಳುತ್ತದೆ. ಅಲ್ಯುಮಿನಿಯಂ ಹಾಳೆ, ಬಿಸಿಲು ತಡೆಯುವ ಮುದ್ರಣ ಕೇಳಿ. ಅಗ್ಗದ ಮುದ್ರಣದಲ್ಲಿ ಮೊದಲು ಮಾಸುವುದು ಕೆಂಪು, ಆಮೇಲೆ ಉಳಿಯುವುದು ಬರೀ ಸಿಗರೇಟಿನ ಚಿತ್ರ. ಮರಕ್ಕೆ ಮೊಳೆ ಹೊಡೆಯಬೇಡಿ. ತೊಗಟೆಯ ಗಾಯದಿಂದ ಕೊಳೆರೋಗ ಒಳಗೆ ಹೋಗುತ್ತದೆ, ಮರ ಬೆಳೆದಂತೆ ಬೋರ್ಡೂ ಬಾಗುತ್ತದೆ.

ಡಬ್ಬಿ ಎಲ್ಲಿರಬೇಕು

ಒಳಗಿನ ಬೂದಿಡಬ್ಬಿಗಳನ್ನೆಲ್ಲ ನಿಯಮ ಜಾರಿಯಾಗುವ ಹಿಂದಿನ ರಾತ್ರಿ ತೆಗೆಯಿರಿ. ಒಂದು ಉಳಿದರೂ ಅದರ ಸುತ್ತ ಸೇದುವವರು ಸೇರುತ್ತಾರೆ, ಡಬ್ಬಿ ಇದೆಯಲ್ಲ ಎನ್ನುವ ಮಾತಿಗೆ ನಿಮ್ಮಲ್ಲಿ ಉತ್ತರವಿರುವುದಿಲ್ಲ. ಹೊರಗೆ ಪ್ರತಿ ಗೇಟಿಗೂ ಒಂದು ಲೋಹದ ಡಬ್ಬಿ ಇಡಿ. ಗೇಟಿನ ಬಾಯಲ್ಲೇ ಇಟ್ಟರೆ ಒಳಗೆ ಬರುವ ಪ್ರತಿ ಮಗುವೂ ಹೊಗೆಯ ನಡುವೆಯೇ ನುಗ್ಗಿ ಬರಬೇಕಾಗುತ್ತದೆ. 8ರಿಂದ 10 ಮೀಟರ್ ಪಕ್ಕಕ್ಕೆ, ಗಾಳಿ ಸಾಮಾನ್ಯವಾಗಿ ಗೇಟಿನಿಂದ ಆಚೆಗೆ ಬೀಸುವ ದಿಕ್ಕಿನಲ್ಲಿ, ಬಸ್ ನಿಲ್ದಾಣ ಮತ್ತು ಶಾಲೆಯ ಬಾಗಿಲಿನಿಂದ ದೂರ ಇರಲಿ. ಡಬ್ಬಿಯ ಬಾಯಿ ತುಂಡು ಹಿಡಿಸುವಷ್ಟು ಚಿಕ್ಕ ತೂತುಗಳಾಗಿರಲಿ, ಅಗಲ ಬಾಯಿಗೆ ಕಾಗದ ಬಿದ್ದು ಹೊತ್ತಿಕೊಳ್ಳುತ್ತದೆ. ತಳದಲ್ಲಿ 5 ಸೆಂಟಿಮೀಟರ್‌ಗೆ ಕಡಿಮೆಯಿಲ್ಲದಷ್ಟು ಮರಳು. ನೀರು ಹಾಕಬೇಡಿ, ಆ ನೀರನ್ನು ಚೆಲ್ಲುವುದೆಲ್ಲಿ? ವಾರಕ್ಕೊಮ್ಮೆ ಮರಳು ಜರಡಿ ಹಿಡಿದು ತುಂಡುಗಳನ್ನು ಗೊಬ್ಬರದ ಗುಂಡಿಗೆ ಸೇರಿಸದೆ ಕಸಕ್ಕೆ ಕೊಡಿ.

ಜಾರಿ: ನಾಲ್ಕು ವಾರ ಮುನ್ಸೂಚನೆ, ನಾಲ್ಕು ವಾರ ಮಾತು

ದಿನಾಂಕಕ್ಕೆ 4 ವಾರ ಮೊದಲು ಗೇಟಿನಲ್ಲಿ ತಾತ್ಕಾಲಿಕ ಬ್ಯಾನರ್ ಹಾಕಿ. ಸಿಬ್ಬಂದಿಯ ಸಭೆಯನ್ನು ಅದಕ್ಕೂ ಮೊದಲು ಕರೆಯಿರಿ. ಮಾಲಿ, ಕಾವಲುಗಾರ, ಗುತ್ತಿಗೆಯ ಕೆಲಸಗಾರರಲ್ಲೂ ಸೇದುವವರಿರುತ್ತಾರೆ. ಕಾವಲುಗಾರನ ಬಾಯಲ್ಲೇ ಸಿಗರೇಟ್ ಕಂಡ ದಿನ ನಿಯಮ ಮುಗಿಯಿತು. ಅವರ ಬಿಡುವಿನ ಸಮಯ ಗೇಟಿನ ಹೊರಗೆ ಹೋಗಿ ಬರುವಷ್ಟು ಇರಬೇಕು, ಇದು ನಿರ್ವಾಹಕರ ಹೊಣೆ.

ಜಾರಿಯಾದ ಮೇಲಿನ ಮೊದಲ 4 ವಾರ ದಂಡವಿಲ್ಲ, ಬರೀ ಹೇಳಿಕೆ. ಹೇಳುವ ರೀತಿಯನ್ನು ಅಭ್ಯಾಸ ಮಾಡಿಸಿ. ಹಿಂದಿನಿಂದ ಹೋಗಬಾರದು, ಎದುರಿನಿಂದ ಕಾಣುವಂತೆ ಬಂದು 2 ಮೀಟರ್ ದೂರದಲ್ಲಿ ನಿಲ್ಲಬೇಕು. ಮೂರ್ನಾಲ್ಕು ಜನ ಒಟ್ಟಿಗೆ ಹೋಗಬಾರದು. ‘ನಮಸ್ಕಾರ. ಈ ಪಾರ್ಕ್‌ನಲ್ಲಿ ಈಗ ಸೇದುವ ಹಾಗಿಲ್ಲ, ಬೋರ್ಡ್ ಅಲ್ಲಿದೆ. ಗೇಟಿನ ಹೊರಗೆ ಎಡಕ್ಕೆ ಡಬ್ಬಿ ಇದೆ, ಅಲ್ಲಿ ಮುಗಿಸಿ ಬನ್ನಿ.’ ಇಷ್ಟು ಹೇಳಿ ಸ್ವಲ್ಪ ದೂರ ಸರಿಯಬೇಕು. ಎದುರಿಗೇ ನಿಂತು ಕಾಯ್ದರೆ ಸೋತಂತಾಗುತ್ತದೆಂದು ಅವರು ಏಳುವುದಿಲ್ಲ. ಮುಖ ತಿರುಗಿಸಿಕೊಂಡರೆ ಎದ್ದು ಹೋಗಲು ದಾರಿ ಸಿಗುತ್ತದೆ. ಹಿರಿಯರಾದರೆ ‘ಅಜ್ಜಾ’, ‘ಯಜಮಾನರೇ’ ಎಂದು ಕರೆದು ಹೇಳಲಿ. ಆರೋಗ್ಯದ ಉಪದೇಶ ಬೇಡವೇ ಬೇಡ. ಒಪ್ಪದಿದ್ದರೆ ಎರಡನೇ ಸಲ ಒಮ್ಮೆ ಹೇಳಿ, ಆಮೇಲೆ ದಂಡದ ಅಧಿಕಾರವಿರುವವರಿಗೆ ತಿಳಿಸಿ. ಕೈಯಿಂದ ಕಿತ್ತುಕೊಳ್ಳುವುದು, ಮೊಬೈಲಿನಲ್ಲಿ ಚಿತ್ರೀಕರಿಸುವುದು, ಗದರುವುದು ಯಾವ ಕಾರಣಕ್ಕೂ ಇಲ್ಲ. ಪ್ರತಿ ಸಲ ದಿನ, ಹೊತ್ತು, ಜಾಗ, ಫಲಿತಾಂಶ ಮಾತ್ರ ಬರೆದಿಡಿ.

ಐದನೇ ವಾರದಿಂದ ದಂಡ ಶುರುವಾಗಲಿ, ಯಾರಿಗೆ ಬೀಳುತ್ತಿದೆ ಎಂದೂ ಗಮನಿಸಿ. ಸೂಟು ತೊಟ್ಟವರನ್ನು ಬಿಟ್ಟು ಕೂಲಿಯವರಿಗೆ, ಪಾರ್ಕ್‌ನಲ್ಲೇ ಮಲಗುವ ನೆಲೆಯಿಲ್ಲದವರಿಗೆ ಮಾತ್ರ ಬೀಳುತ್ತಿದ್ದರೆ ಅದು ಅನ್ಯಾಯ. ಕೂಡಲೇ ಸಿಬ್ಬಂದಿಯೊಂದಿಗೆ ಕುಳಿತು ಸರಿಪಡಿಸಿ.

ಬಿಡಬೇಕೆನ್ನುವವರಿಗೆ ದಾರಿ ತೋರಿಸುವುದೂ ಇದೇ ಕೆಲಸದ ಭಾಗ. ಸೇದಬೇಕೆಂಬ ತವಕ ಒಂದೊಂದು ಸಲಕ್ಕೆ ಕೆಲವೇ ನಿಮಿಷ ಜೋರಾಗಿದ್ದು ಇಳಿಯುತ್ತದೆ, ಒಂದು ಸುತ್ತು ನಡೆದು ಬಂದರೆ ಅನೇಕರಿಗೆ ದಾಟಿಹೋಗುತ್ತದೆ. ಧೂಮಪಾನ ಬಿಡಿಸುವ ಸಹಾಯವಾಣಿ ಇದ್ದರೆ ಅದರ ಸಂಖ್ಯೆಯನ್ನು ಹೊರಗಿನ ಡಬ್ಬಿಯ ಮೇಲೇ ಅಂಟಿಸಿ. ಸೇದುವವರು ನಿಂತು ಓದುವ ಜಾಗ ಅದು.

ಮತ್ತೆ ಎಣಿಕೆ

3ನೇ, 6ನೇ, 12ನೇ ತಿಂಗಳಿಗೆ ಅದೇ ನಕ್ಷೆ, ಅದೇ ವಾರದ ದಿನ, ಅದೇ ವಿಧಾನದಲ್ಲಿ ಎಣಿಸಿ, ಸಂಖ್ಯೆಯನ್ನು ಗೇಟಿನ ಸೂಚನಾ ಫಲಕದಲ್ಲಿ ಹಾಕಿ. ಒಟ್ಟು ಮೊತ್ತಕ್ಕಿಂತ ಭಾಗವಾರು ಸಂಖ್ಯೆ ಹೆಚ್ಚು ಹೇಳುತ್ತದೆ. ಎಲ್ಲ ಕಡೆ ಇಳಿದು ಒಂದು ಮೂಲೆಯಲ್ಲಿ ಮಾತ್ರ ಏರಿದ್ದರೆ ಅಲ್ಲಿ ಕಾವಲುಗಾರನ ಕಣ್ಣು ಬೀಳುತ್ತಿಲ್ಲ; ಪೊದೆ ಸವರಿಸಿ, ದೀಪ ಹಾಕಿಸಿ, ಸುತ್ತಿನ ದಾರಿ ಬದಲಿಸಿ. ಒಳಗೆ ಇಳಿದು ಗೇಟಿನ ಹೊರಗೆ ರಾಶಿ ಬಿದ್ದಿದ್ದರೆ ಡಬ್ಬಿ ತಪ್ಪು ಜಾಗದಲ್ಲಿದೆ ಅಥವಾ ತುಂಬಿ ತುಳುಕುತ್ತಿದೆ. ಮೊದಲ ತಿಂಗಳು ಇಳಿದು ಆಮೇಲೆ ಎಲ್ಲೆಡೆ ಸಮನಾಗಿ ಏರಿದ್ದರೆ ಹೇಳುವವರು ಹೇಳುವುದನ್ನು ನಿಲ್ಲಿಸಿದ್ದಾರೆ. ಸಿಬ್ಬಂದಿ ಬದಲಾಗಿ ಹೊಸಬರಿಗೆ ತರಬೇತಿ ಸಿಗದಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಕಾರ್ಯಕ್ರಮದ ಮರುದಿನ ಮಾತ್ರ ಹೆಚ್ಚುತ್ತಿದ್ದರೆ ಮೈದಾನ ಬಾಡಿಗೆಯ ಕರಾರಿನಲ್ಲಿ ಒಂದು ಸಾಲು ಸೇರಿಸಿ: ಧೂಮಪಾನ ನಿಷೇಧವನ್ನು ಆಯೋಜಕರೇ ಧ್ವನಿವರ್ಧಕದಲ್ಲಿ ತಿಳಿಸಬೇಕು, ಮರುದಿನ ತುಂಡು ಸಿಕ್ಕರೆ ಶುಚಿಗೊಳಿಸುವ ಖರ್ಚನ್ನು ಅವರ ಠೇವಣಿಯಿಂದ ಹಿಡಿಯಲಾಗುವುದು.